ನೆರಳು ಕೇಳುವ ಹೂ

ಬೆಂಗಳೂರಿನ ಬಳೇಪೇಟೆಯ ಒಳಬೀದಿಗಳಲ್ಲಿ ಬಿಸಿಲು ನೆಲ ಮುಟ್ಟುವುದು ದಿನಕ್ಕೆ ಎರಡೋ ಮೂರೋ ಗಂಟೆ. ಬೀದಿ ಕಿರಿದು, ಇಕ್ಕೆಲದ ಕಟ್ಟಡ ಎತ್ತರ. ಬಳೆ ಅಂಗಡಿ, ಸೀರೆ ಅಂಗಡಿ, ಮೃದಂಗ ತಬಲಗಳನ್ನು ಸಾಲಾಗಿ ಜೋಡಿಸಿಟ್ಟ ವಾದ್ಯದ ಅಂಗಡಿಗಳ ಮುಂದೆ ನಡುಮಧ್ಯಾಹ್ನ ಒಂದಿಷ್ಟು ಬೆಳಕು ಬಂದು ನಿಂತು ಹೋಗುತ್ತದೆ. ಸಂಜೆಯಾದರೆ ತಿರುವುಗಳಲ್ಲಿ ಹೂವಿನವರು ಬಂದು ಕೂರುತ್ತಾರೆ. ಬಿದಿರಿನ ಬುಟ್ಟಿ, ಒಳಗೆ ಬಾಳೆಲೆ, ಮೇಲೆ ಒದ್ದೆ ಬಟ್ಟೆ. ಬಟ್ಟೆ ಸರಿಸಿದರೆ ಮಲ್ಲಿಗೆ ಮೂಗಿಗೆ ಬರುತ್ತದೆ, ಕನಕಾಂಬರ ಕಣ್ಣಿಗೆ.

ಪರಿಮಳವೇ ಇಲ್ಲದ ಈ ಹೂವನ್ನು ಬೆಂಗಳೂರಿನ ಹೆಂಗಸರು ತಲೆಮಾರುಗಳಿಂದ ಮುಡಿದಿದ್ದೇವೆ. ಮೊಳದ ಲೆಕ್ಕದಲ್ಲಿ ಎಲ್ಲರಿಗೂ ಗೊತ್ತು. ಗಿಡವಾಗಿ ಗೊತ್ತಿರುವವರು ಕಡಿಮೆ. ಅದು ಮೂಲದಲ್ಲಿ ನಮ್ಮದೇ ಕಾಡಿನ ಗಿಡ, ಮರಗಳ ಕೆಳಗಿನ ಅರೆನೆರಳಿನಲ್ಲಿ ಬದುಕುವ ಗಿಡ ಎಂದು ಹೇಳಿದರೆ ಈಗಲೂ ಹಲವರು ಹುಬ್ಬೇರಿಸುತ್ತಾರೆ. ನಾನೂ ಒಮ್ಮೆ ಹಾಗೆ ಹುಬ್ಬೇರಿಸಿದವಳೇ. ಅದು ಗೊತ್ತಾದ ಮೇಲೆ ನನಗೆ ಹಳೇ ಪೇಟೆಯ ಕತ್ತಲೆ ಹಿತ್ತಿಲುಗಳೆಲ್ಲ ಬೇರೆ ರೀತಿ ಕಾಣತೊಡಗಿದವು.

ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. ಎಲೆ ಉದುರಿಸುವ ಮರಗಳ ಕಾಡಿನಲ್ಲಿ, ತರಗೆಲೆ ಕೊಳೆತು ಮೆತ್ತಗಾದ ನೆಲದಲ್ಲಿ, ಮೊಣಕಾಲೆತ್ತರಕ್ಕೆ ಬೆಳೆಯುತ್ತದೆ. ಕಾಡಿನ ಹೂವಿನ ಬಣ್ಣ ಪೇಟೆಯ ಬುಟ್ಟಿಯಲ್ಲಿರುವಷ್ಟು ಗಾಢವಲ್ಲ. ಮಾಸಲು ಕಿತ್ತಳೆ. ಕರಾವಳಿಯವರು ಇದನ್ನು ಅಬ್ಬಲಿಗೆ ಎನ್ನುತ್ತಾರೆ, ಮರಾಠಿಯಲ್ಲಿ ಅಬೋಲಿ. ನಮ್ಮ ಕಡೆಯ ಹೆಸರಿನಲ್ಲಿ ಕನಕವಿದೆ, ಅಂಬರವಿದೆ: ಹೊನ್ನಿನ ಬಟ್ಟೆ. ಲಿನೇಯಸ್ 1759ರಲ್ಲಿ ಇದನ್ನು ಆಡುಸೋಗೆಯ ಕುಲಕ್ಕೆ ಸೇರಿಸಿ ಹೆಸರಿಟ್ಟಿದ್ದ. ಕ್ರಾಸಾಂಡ್ರ ಎಂಬ ಬೇರೆ ಕುಲವನ್ನು ಸಾಲಿಸ್‌ಬರಿ 1805ರಲ್ಲಿ ಮಾಡಿದ. ಈಗಿನ ಹೆಸರು ಕ್ರಾಸಾಂಡ್ರ ಇನ್‌ಫಂಡಿಬ್ಯುಲಿಫಾರ್ಮಿಸ್ ಸಿಕ್ಕಿದ್ದು 1832ರಲ್ಲಿ, ನೀಸ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞನಿಂದ. ಮೊದಲ ಪದಕ್ಕೆ ಕುಚ್ಚಿರುವ ಗಂಡುಕೇಸರ ಎಂದರ್ಥ, ಎರಡನೆಯದಕ್ಕೆ ಆಲಿಕೆಯಾಕಾರದ್ದು ಎಂದು. ಆಡುಸೋಗೆ, ಗೋರಂಟೆ, ಹನ್ನೆರಡು ವರ್ಷಕ್ಕೊಮ್ಮೆ ಬೆಟ್ಟ ತುಂಬುವ ಕುರಿಂಜಿ, ಇವೆಲ್ಲ ಇದರ ದಾಯಾದಿಗಳು. ಈ ಕುಲದಲ್ಲಿ ಸುಮಾರು 50 ಜಾತಿಗಳಿದ್ದು, ಹೆಚ್ಚಿನವು ಆಫ್ರಿಕ ಮತ್ತು ಮಡಗಾಸ್ಕರ್‌ನವು.

ಒಂದು ಹೂವನ್ನು ತೆನೆಯಿಂದ ಎಳೆದು ಅಂಗೈಯಲ್ಲಿಟ್ಟುಕೊಂಡು ನೋಡಬೇಕು. ಹೂವಿಗೆ ತೊಟ್ಟೇ ಇಲ್ಲ. ದಾರದಷ್ಟು ಸಣ್ಣಗಿನ ಒಂದು ನಳಿಗೆ, ತುದಿಯಲ್ಲಿ ಐದು ಎಸಳಿನ ಬೀಸಣಿಗೆ. ಐದೂ ಎಸಳು ಒಂದೇ ಪಕ್ಕಕ್ಕೆ ಹರಡಿಕೊಂಡಿರುತ್ತವೆ, ಮೇಲುಗಡೆ ಖಾಲಿ. ಬೀಸಣಿಗೆಯ ಹಿಡಿ ಇರುವಲ್ಲಿ ಹಳದಿಯ ಒಂದು ಚುಕ್ಕೆ. ಅಲ್ಲೇ ನಳಿಗೆಯ ಬಾಯಿ. ನಾಲ್ಕು ಕೇಸರಗಳು ಒಳಗೆ ಅವಿತಿರುತ್ತವೆ, ಹೊರಗೆ ಕಾಣುವುದಿಲ್ಲ. ಎಸಳನ್ನು ಬೆಳಕಿಗೆ ಹಿಡಿದರೆ ನರಗಳು ಕಾಣುವಷ್ಟು ತೆಳುವು. ನೂರು ಹೂ ತೂಗಿದರೂ 10 ಗ್ರಾಂ ಮುಟ್ಟುವುದಿಲ್ಲ. ಅಂದರೆ ಒಂದು ಕಿಲೋ ಕನಕಾಂಬರ ಎಂದರೆ 10,000ಕ್ಕೂ ಹೆಚ್ಚು ಹೂ, ಒಂದೊಂದನ್ನೂ ಯಾರೋ ಎರಡು ಬೆರಳಲ್ಲಿ ಎಳೆದು ಬಿಡಿಸಿದ್ದು. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಕಿಲೋ ದರ ಸಾವಿರ ದಾಟಿತೆಂದು ಪತ್ರಿಕೆಯಲ್ಲಿ ಓದಿದಾಗ ನಾನು ಈ ಲೆಕ್ಕ ನೆನಪಿಸಿಕೊಳ್ಳುತ್ತೇನೆ. ದುಬಾರಿ ಅನ್ನಿಸುವುದಿಲ್ಲ.

ತೆನೆಯದ್ದು ಇನ್ನೂ ಚೆಂದದ ಕಟ್ಟೋಣ. ನಾಲ್ಕು ಮೂಲೆಯ ಹಸಿರು ಕಂಬ, ಚಿಪ್ಪಿನ ಮೇಲೆ ಚಿಪ್ಪು ಜೋಡಿಸಿದ ಹಾಗೆ. ಪ್ರತಿ ಚಿಪ್ಪಿನ ಸಂದಿಯಲ್ಲೂ ಒಂದು ಹೂವಿಗೆ ಜಾಗ. ಅರಳುವುದು ಕೆಳಗಿನಿಂದ ಮೇಲಕ್ಕೆ, ಇವತ್ತೊಂದು ಸುತ್ತು, ನಾಳೆಯೋ ನಾಡಿದ್ದೋ ಅದರ ಮೇಲಿನದು. ಒಂದು ತೆನೆ ಪೂರ್ತಿ ಮುಗಿಯಲು ಮೂರು ವಾರದಷ್ಟು ಹೊತ್ತು ಹಿಡಿಯುತ್ತದೆ. ಅರಳಿದ ಹೂ ಆ ಸಂಜೆಯೇ ಬಾಡುವ ಜಾತಿಯಲ್ಲ, ಗಿಡದ ಮೇಲೆ ಕೆಲವು ದಿನ ಹಾಗೇ ನಿಲ್ಲುತ್ತದೆ. ಹೂ ಬಿಡಿಸುವವರು ಅದಕ್ಕೇ ದಿನ ಬಿಟ್ಟು ದಿನ ತೋಟಕ್ಕಿಳಿಯುತ್ತಾರೆ, ಅದೂ ಬೆಳಗಿನ ಜಾವ, ಬಿಸಿಲೇರುವ ಮುಂಚೆ.

ಹೂ ಬಿಡಿಸದೆ ಬಿಟ್ಟ ತೆನೆಯಲ್ಲಿ ಕಾಯಿ ಕಟ್ಟುತ್ತದೆ. ಅದು ಒಣಗಿ ಕಂದಾದ ಮೇಲೆ ಮಕ್ಕಳ ಆಟದ ಸಾಮಾನು. ಬಟ್ಟಲಲ್ಲಿ ನೀರು ಹಾಕಿ ಒಣ ತೆನೆಯನ್ನು ಅದ್ದಿ ಕಾದರೆ ಸ್ವಲ್ಪ ಹೊತ್ತಿಗೆ ‘ಚಟ್’. ಮತ್ತೊಂದು ‘ಚಟ್’. ಬೀಜ ಗೋಡೆಗೆ ಹೋಗಿ ಬಡಿಯುತ್ತದೆ. ಇಂಗ್ಲಿಷಿನವರು ಇದನ್ನು ಫೈರ್‌ಕ್ರ್ಯಾಕರ್ ಫ್ಲವರ್, ಅಂದರೆ ಪಟಾಕಿ ಹೂ ಎಂದು ಕರೆಯುವುದು ಈ ಸದ್ದಿಗೆ. ಒಣಗಿದ ಕಾಯಿಯ ಗೋಡೆಯ ಪದರಗಳು ನೀರು ತಾಗಿದಾಗ ಒಂದೇ ಸಮನೆ ಉಬ್ಬುವುದಿಲ್ಲ. ಒಂದು ಪದರ ಎಳೆಯುತ್ತದೆ, ಇನ್ನೊಂದು ತಡೆಯುತ್ತದೆ, ಬಿಗಿ ಏರುತ್ತ ಏರುತ್ತ ಕಾಯಿ ಎರಡಾಗಿ ಸೀಳುತ್ತದೆ. ಒಳಗಿನ ನಾಲ್ಕು ಬೀಜಗಳಿಗೂ ಕೆಳಗೊಂದು ಗಟ್ಟಿ ಕೊಕ್ಕೆಯಿದೆ. ಕವಣೆಯ ಹಾಗೆ ಅದು ಬೀಜವನ್ನು ಎಸೆಯುತ್ತದೆ. ಎಸೆಯಲು ಮಳೆಗೇ ಯಾಕೆ ಕಾಯಬೇಕು? ಕಾಡಿನ ನೆಲ ಒಣಗಿದ್ದಾಗ ಬಿದ್ದ ಬೀಜ ಇರುವೆಯ ಪಾಲು. ಮಳೆ ಬಂದಾಗ ಬಿದ್ದದ್ದು ಮಣ್ಣಿಗೆ ಅಂಟುತ್ತದೆ. ಅಂಟುವುದಕ್ಕೂ ಏರ್ಪಾಡಿದೆ: ಬೀಜದ ಮೈತುಂಬ ಅಂಚು ಹರಿದ ಸಣ್ಣ ಹುರುಪೆಗಳು. ಬರಿಗಣ್ಣಿಗೆ ಬೂಸ್ಟು ಹಿಡಿದ ಹಾಗೆ ಕಾಣುತ್ತದೆ, ಭೂತಗನ್ನಡಿ ಹಿಡಿದರೆ ಅದರ ಕುಸುರಿ ತಿಳಿಯುತ್ತದೆ.

ಗಿಡ ಸಾಕುವ ವಿಚಾರಕ್ಕೆ ಬರುತ್ತೇನೆ. ನನ್ನ ಮೊದಲ ಕನಕಾಂಬರವನ್ನು ನಾನು ಕೊಂದೆ. ಗಿಡ ಮಾರಿದವರು ‘ಚೆನ್ನಾಗಿ ಬಿಸಿಲಲ್ಲಿಡಿ’ ಎಂದಿದ್ದರು. ಹೇಳಿದ ಮಾತು ಕೇಳಿ ನಾನು ತಾರಸಿಯ ಮೇಲಿಟ್ಟೆ. ಅದು ಮಾರ್ಚ್ ತಿಂಗಳು. ಎಲೆಯ ಹಸಿರು ಮೊದಲು ಮಂಕಾಯಿತು, ಆಮೇಲೆ ಅಂಚು ಸುಟ್ಟಿತು, ಏಪ್ರಿಲ್ ಬರುವ ಹೊತ್ತಿಗೆ ಕುಂಡದಲ್ಲಿ ಕಡ್ಡಿ ಮಾತ್ರ ಉಳಿದಿತ್ತು. ಎರಡನೆಯದನ್ನು ಹಟದಿಂದ ನಡುಮನೆಯ ಕಿಟಕಿಯೊಳಗಿಟ್ಟೆ. ಎಲೆ ಕಡುಹಸಿರಾಗಿ ಮಿರುಗಿತು, ಕಾಂಡ ಬೆಳಕು ಹುಡುಕುತ್ತ ಉದ್ದವಾಯಿತು, ತೆನೆ ಮಾತ್ರ ಬರಲೇ ಇಲ್ಲ. ಮೂರನೆಯದು ಹಿತ್ತಿಲಲ್ಲಿ, ಪಕ್ಕದ ಮನೆಯ ಸೀಬೆಮರ ಬಗ್ಗಿದ ಜಾಗದಲ್ಲಿ. ಬೆಳಗ್ಗೆ ಎರಡು ಗಂಟೆ ಎಳೆಬಿಸಿಲು, ಆಮೇಲೆ ದಿನವಿಡೀ ಸೀಬೆಯ ಎಲೆಗಳ ಸಂದಿಯಿಂದ ಜಾಲಿಸಿದ ಬೆಳಕು. ಅದಕ್ಕೆ ಈಗ ಏಳು ವರ್ಷ.

ನೆರಳಿನ ಗಿಡ ಎಂದರೆ ಕತ್ತಲೆಯ ಗಿಡ ಎಂದು ತಿಳಿಯುವುದೇ ನಾವು ಮಾಡುವ ತಪ್ಪು. ಕಾಡಿನ ಮರದ ಕೆಳಗಿನ ನೆರಳು ಅಲ್ಲಾಡುವ ನೆರಳು. ಅಲ್ಲಿ ಬೆಳಕಿನ ಬೊಟ್ಟುಗಳು ಹಗಲಿಡೀ ಓಡಾಡುತ್ತಿರುತ್ತವೆ. ಗೋಡೆಯ ನೆರಳು ಹಾಗಲ್ಲ, ಅದು ಕದಲದ ನೆರಳು. ಕನಕಾಂಬರಕ್ಕೆ ಬೇಕಾದ್ದು ಅರ್ಧದಷ್ಟು ಬಿಸಿಲು. ಹಳೇ ಪೇಟೆಯ ಮನೆಗಳಲ್ಲಿ ಅದು ಎಲ್ಲಿ ಸಿಗುತ್ತದೆ ಎಂದು ಹುಡುಕುವುದೇ ಅರ್ಧ ಕೆಲಸ. ಬಚ್ಚಲುಮನೆಯ ಪೂರ್ವದ ಗೋಡೆ, ತೊಟ್ಟಿಯ ಅಂಚು, ಬಾವಿಯಿದ್ದ ಜಾಗದ ಪಕ್ಕ, ಎರಡು ಮನೆಯ ನಡುವಿನ ಓಣಿಯ ಬಾಯಿ. ಒಂದು ರಜೆಯ ದಿನ ಬೆಳಗ್ಗೆ ಏಳಕ್ಕೆ, ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ ಹೋಗಿ ಬಿಸಿಲು ಎಲ್ಲಿದೆಯೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಸಾಕು. ಬೆಳಗ್ಗೆಯ ಗೆರೆಯೊಳಗಿದ್ದು ಮಧ್ಯಾಹ್ನದ ಗೆರೆಯ ಹೊರಗಿರುವ ಜಾಗ ಅದರದು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಕಡೆ ಇನ್ನೂ ಕಾಂಪೌಂಡು ಉಳಿಸಿಕೊಂಡ ಮನೆಯವರಿಗೆ ಇಷ್ಟು ಹುಡುಕಾಟವೂ ಬೇಡ. ಮಾವಿನ ಕೆಳಗೆ, ತೆಂಗಿನ ಪಾತಿಯಾಚೆ, ಸಂಪಿಗೆಯ ಬುಡದಿಂದ ನಾಲ್ಕಡಿ ದೂರದಲ್ಲಿ ಹುಲ್ಲೂ ಸರಿಯಾಗಿ ಬರದ ಖಾಲಿ ನೆಲ ಇರುತ್ತದಲ್ಲ, ಅದು ಕನಕಾಂಬರಕ್ಕೆ ಹೇಳಿ ಮಾಡಿಸಿದ್ದು.

ಈ ಊರಿನ ತೋಟಗಾರಿಕೆಯ ಕೀರ್ತಿ ಬಹುಪಾಲು ಮರಗಳದು. ಹೈದರಾಲಿ 1760ರಲ್ಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ತೋಟಗಾರಿಕಾ ತಜ್ಞ ಕೃಂಬಿಗಲ್ ಒಂದು ಮರ ಹೂ ಮುಗಿಸುವ ಹೊತ್ತಿಗೆ ಮತ್ತೊಂದು ಅರಳುವ ಹಾಗೆ ರಸ್ತೆಯ ಸಾಲುಮರಗಳನ್ನು ಯೋಚಿಸಿ ನೆಡಿಸಿದ. ಬೆಂಗಳೂರಿಗರು ತಲೆಯೆತ್ತಿ ಹೂ ನೋಡಲು ಕಲಿತದ್ದು ಹಾಗೆ. ಆ ಮರಗಳ ಕೆಳಗೆ ಏನು ನೆಡಬೇಕೆಂಬ ಪ್ರಶ್ನೆಗೆ ನಾವು ಹೆಚ್ಚಾಗಿ ಹೊರಗಿನ ಗಿಡಗಳಲ್ಲೇ ಉತ್ತರ ಹುಡುಕಿದೆವು. ಇಂಗ್ಲೆಂಡಿನ ತೋಟಗಾರರು ತಮ್ಮ ಕಾಡಿನ ಪ್ರಿಮ್‌ರೋಸನ್ನು ಮನೆಯ ಮರದಡಿಗೆ ತಂದುಕೊಂಡು ಹೆಮ್ಮೆಪಡುತ್ತಾರೆ. ನಮ್ಮ ಮರದಡಿಗೆ ಅಷ್ಟೇ ಸಹಜವಾಗಿ ಹೊಂದುವ, ವರ್ಷದ ಬಹುಕಾಲ ಹೂ ಬಿಡುವ, ಒಮ್ಮೆ ನೆಟ್ಟರೆ ಹಲವು ವರ್ಷ ನಿಲ್ಲುವ ಗಿಡ ನಮ್ಮಲ್ಲೇ ಇದೆ. ಯುರೋಪಿನಲ್ಲಿ ಇದನ್ನು ಗಾಜಿನ ಮನೆಗಳಲ್ಲಿ ಬೆಚ್ಚಗೆ ಬೆಳೆಸಿ, ಕುಂಡದಲ್ಲಿಟ್ಟು ಮಾರುತ್ತಾರೆ. ಇಲ್ಲಿ ಅದಕ್ಕೆ ಗಾಜೂ ಬೇಡ, ಬಿಸಿಯೂ ಬೇಡ.

ನೆಡುವ ಮಣ್ಣು ನೀರು ನಿಲ್ಲದಂತಿರಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ. ಮರದ ಕೆಳಗಿನ ತರಗೆಲೆಯನ್ನು ಗುಡಿಸಿ ಬಿಸಾಡಬಾರದು. ಅದನ್ನೇ ಗಿಡದ ಬುಡಕ್ಕೆ ಎರಡಂಗುಲ ಹರಡಿದರೆ ಬೇರು ತಂಪಾಗಿರುತ್ತದೆ, ಕೊಳೆತ ಮೇಲೆ ಅದೇ ಗೊಬ್ಬರ. ನೀರು ಮಣ್ಣಿಗೆ ಹೋಗಬೇಕು, ತೆನೆಯ ಮೇಲೆ ಸುರಿಯಬಾರದು. ತೆನೆಯ ಚಿಪ್ಪುಗಳ ಸಂದಿಯಲ್ಲಿ ನೀರು ನಿಂತರೆ ಎಸಳು ಕಪ್ಪಾಗುತ್ತದೆ. ಎಲೆಯ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಎಂದು ಅರ್ಥ. ಬೋರ್‌ವೆಲ್‌ನ ಗಡಸು ನೀರು ಹಾಕುವ ಮನೆಗಳಲ್ಲಿ ಇದು ಸಾಮಾನ್ಯ, ಮಳೆನೀರು ಹಿಡಿದಿಟ್ಟು ಹಾಕಿದರೆ ಚೇತರಿಸಿಕೊಳ್ಳುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಧನುರ್ಮಾಸದ ರಾತ್ರಿಗಳಲ್ಲಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆ ಚಳಿ ಈ ಗಿಡಕ್ಕೆ ಹಿಡಿಸುವುದಿಲ್ಲ. ಹೂ ಕಡಿಮೆಯಾಗುತ್ತದೆ, ಎಲೆ ಮುದುರಿದ ಹಾಗಾಗುತ್ತದೆ. ಗಾಬರಿಯಾಗಿ ಗೊಬ್ಬರ ಸುರಿಯುವವರಿದ್ದಾರೆ. ಮಾಡಬೇಕಾದ್ದು ನೀರು ಕಡಿಮೆ ಮಾಡಿ ಸುಮ್ಮನಿರುವುದು. ಶಿವರಾತ್ರಿ ಕಳೆದ ಮೇಲೆ ಕಾಂಡವನ್ನು ಮೂರನೇ ಒಂದು ಭಾಗ ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಟ್ಟರೆ ಯುಗಾದಿಯ ಹೊತ್ತಿಗೆ ಗಿಣ್ಣು ಗಿಣ್ಣಿನಿಂದ ಚಿಗುರು. ಹೂ ಮುಗಿದ ತೆನೆಯನ್ನು ಬೀಜಕ್ಕೆ ಬೇಕಾದಷ್ಟು ಉಳಿಸಿಕೊಂಡು, ಉಳಿದದ್ದನ್ನು ಕೆಳಗಿನ ಎಲೆಜೋಡಿಯ ಮೇಲೆಯೇ ಕತ್ತರಿಸಬೇಕು. ಆ ಜೋಡಿಯ ಎರಡೂ ಕಂಕುಳಿಂದ ಹೊಸ ತೆನೆ ಬರುತ್ತದೆ. ಒಂದು ಕತ್ತರಿಸಿದರೆ ಎರಡು ಎಂಬ ಈ ಲೆಕ್ಕ ತಿಳಿದವರ ಗಿಡ ದಟ್ಟವಾಗಿ, ಮೊಣಕಾಲೆತ್ತರದಲ್ಲೇ ನಿಂತಿರುತ್ತದೆ. ತಿಳಿಯದವರದು ಕಡ್ಡಿಯಾಗಿ ಮೇಲಕ್ಕೆ ಹೋಗಿ ತುದಿಯಲ್ಲೊಂದು ತೆನೆ ಹಿಡಿದುಕೊಂಡಿರುತ್ತದೆ.

ಇದರ ದೊಡ್ಡ ಶತ್ರು ಕಣ್ಣಿಗೆ ಕಾಣುವುದಿಲ್ಲ. ಮಣ್ಣಿನ ಜಂತುಹುಳು ಬೇರನ್ನು ಕೊರೆಯುತ್ತದೆ. ಆ ಗಾಯದಿಂದ ಶಿಲೀಂಧ್ರ ಒಳಹೊಕ್ಕು ಗಿಡ ಸೊರಗುತ್ತದೆ. ನೆನ್ನೆಯವರೆಗೆ ಚೆನ್ನಾಗಿದ್ದ ಗಿಡ ಇವತ್ತು ಜೋತುಬಿದ್ದಿತು, ನೀರು ಹಾಕಿದರೂ ಏಳಲಿಲ್ಲ ಎಂದರೆ ಕಿತ್ತು ಬೇರು ನೋಡಬೇಕು. ಕಪ್ಪಾಗಿ ಸವೆದಿದ್ದರೆ ಆ ಮಣ್ಣಿನಲ್ಲಿ ಮತ್ತೆ ಕನಕಾಂಬರ ನೆಡಬಾರದು. ಬೆಳೆಗಾರರು ಸಾಲಿನ ನಡುವೆ ಚೆಂಡುಹೂ ಹಾಕುವುದನ್ನು ನೀವು ನೋಡಿರಬಹುದು. ಚೆಂಡುಹೂವಿನ ಬೇರು ಒಸರುವ ರಸ ಈ ಹುಳುವಿಗೆ ಆಗುವುದಿಲ್ಲ. ಹಿತ್ತಿಲಲ್ಲೂ ಇದನ್ನೇ ಮಾಡಬಹುದು: ಖಾಲಿಯಾದ ಪಾತಿಗೆ ಒಂದು ಋತು ಚೆಂಡುಹೂ ಹಾಕಿ, ಆಮೇಲೆ ಹೊಸ ಸಸಿ. ಆದರೆ ಚೆಂಡುಹೂವಿಗೆ ಬಿಸಿಲು ಬೇಕು, ಕನಕಾಂಬರಕ್ಕೆ ನೆರಳು. ಆದ್ದರಿಂದ ನೆರಳಿನ ಅಂಚಿನಲ್ಲಿ, ಎರಡಕ್ಕೂ ಸಲ್ಲುವ ಜಾಗದಲ್ಲಿ ಮಾತ್ರ ಈ ಉಪಾಯ ಫಲಿಸುತ್ತದೆ. ಉಳಿದ ಕಡೆ ಬೇವಿನ ಹಿಂಡಿಯೇ ಗತಿ.

ಬೆಂಗಳೂರಿನ ಹೂಮಾರಾಟಗಾರರು ಬಣ್ಣ ನೋಡಿ ತಳಿ ಹೇಳುತ್ತಾರೆ. ನಾಟಿ, ಹಳದಿ, ಕೆಂಪು, ಡೆಲ್ಲಿ. ಇವುಗಳಲ್ಲಿ ಬುಟ್ಟಿಯನ್ನು ಆಳುತ್ತಿರುವುದು ಡೆಲ್ಲಿ ಕನಕಾಂಬರ: ಎಸಳು ಅಗಲ, ಬಣ್ಣ ಗಾಢ, ಕಟ್ಟಿದ ದಂಡೆ ತುಂಬಿಕೊಂಡು ಕಾಣುತ್ತದೆ. ಅದರಲ್ಲಿ ಬೀಜ ಕಟ್ಟುವುದಿಲ್ಲ. ಸಾಮಾನ್ಯ ಗಿಡದಲ್ಲಿ ವರ್ಣತಂತುಗಳ ಎರಡು ಗಣಗಳಿದ್ದರೆ ಇದರಲ್ಲಿ ಮೂರು. ಅವು ಸಮನಾಗಿ ಹಂಚಿಕೆಯಾಗದೆ ಗಿಡ ಬಂಜೆಯಾಗುತ್ತದೆ. ನಾವು ತಿನ್ನುವ ಬಾಳೆಯ ಕತೆಯೂ ಇದೇ. ಆದ್ದರಿಂದ ಡೆಲ್ಲಿ ಗಿಡವನ್ನು ಕಡ್ಡಿ ನೆಟ್ಟೇ ಮುಂದುವರಿಸಬೇಕು. ಹೂವಿಲ್ಲದ ಎಳೆ ತುದಿಯನ್ನು ಒಂದು ಗೇಣಿಗೂ ಕಡಿಮೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಗಿಣ್ಣು ಮುಳುಗುವ ಹಾಗೆ ಒದ್ದೆ ಮರಳಿನಲ್ಲಿ ನೆಟ್ಟು, ಮೇಲೊಂದು ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿದರೆ ಮೂರು ನಾಲ್ಕು ವಾರಕ್ಕೆ ಬೇರು. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಅಂಬರ, ಅರ್ಕಾ ಕನಕ, ಅರ್ಕಾ ಶ್ರೀಯ, ಅರ್ಕಾ ಶ್ರವ್ಯ, ಅರ್ಕಾ ಚೆನ್ನ ಎಂಬ ತಳಿಗಳನ್ನು ಕೊಟ್ಟಿದೆ. ಬೆಳೆಗಾರರಿಗೆ ಇವು ದೊಡ್ಡ ಉಪಕಾರ. ಮರದಡಿಯ ತೋಟಕ್ಕೆ ನನ್ನ ಆಯ್ಕೆ ಮಾತ್ರ ಹಳೆಯ ನಾಟಿಯೇ. ಬಣ್ಣ ಮೆದು, ಬೀಜ ತಾನೇ ಚಿಮ್ಮುತ್ತದೆ, ಎರಡು ಮಳೆಗಾಲ ಕಳೆದರೆ ನೀವು ನೆಡದ ಕಡೆಯೂ ಸಸಿಗಳಿರುತ್ತವೆ.

ಪೇಟೆಗೂ ಹೂವಿಗೂ ಇರುವ ನಂಟು ಇವತ್ತಿನದಲ್ಲ. ಕೆಂಪೇಗೌಡರ ಕಾಲದಿಂದ ಪೇಟೆಯಲ್ಲಿ ಕಸುಬಿಗೊಂದು ಬೀದಿ ಇದ್ದಂತೆ ತೋಟಗಾರರಾದ ತಿಗಳರಿಗೂ ತಿಗಳರಪೇಟೆ ಇದೆ. ಧರ್ಮರಾಯಸ್ವಾಮಿ ಗುಡಿಯಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗ ಅವರದೇ ಮನೆತನದವರು ಹೊರುವ ಹೂವಿನ ಕರಗ. ಊರಿಗೆ ತರಕಾರಿ, ಸೊಪ್ಪು, ಹೂ ಬೆಳೆದುಕೊಟ್ಟವರು ಅವರು. ಈಗ ತೋಟಗಳು ಬಡಾವಣೆಗಳಾಗಿವೆ. ಹೂ ದೂರದ ಜಿಲ್ಲೆಗಳಿಂದ, ಪಕ್ಕದ ರಾಜ್ಯಗಳಿಂದ ರಾತ್ರಿ ಬಸ್ಸು ಟೆಂಪೋಗಳಲ್ಲಿ ಕೆ.ಆರ್. ಮಾರುಕಟ್ಟೆಗೆ ಬಂದಿಳಿಯುತ್ತದೆ, ನಸುಕಿನಲ್ಲೇ ಸಗಟು ವ್ಯಾಪಾರ ಮುಗಿಯುತ್ತದೆ. ಮಾರುಕಟ್ಟೆಯಿಂದ ಬಳೇಪೇಟೆಗೆ ನಡೆದರೆ ಕಾಲುಗಂಟೆ ದಾರಿ. ಬೆಳಗ್ಗೆ ಬಿಡಿ ಹೂವಾಗಿ ಹೊರಟದ್ದು ಸಂಜೆಗೆ ದಂಡೆಯಾಗಿ ಬೀದಿ ಮೂಲೆಗೆ ಬರುತ್ತದೆ.

ಆ ನಡುವಿನ ಕೆಲಸವೇ ಕಟ್ಟುವುದು. ಕನಕಾಂಬರ ಕಟ್ಟುವುದು ಮಲ್ಲಿಗೆ ಕಟ್ಟಿದ ಹಾಗಲ್ಲ. ಮಲ್ಲಿಗೆಗೆ ಗಟ್ಟಿ ತೊಟ್ಟಿದೆ, ಹಿಡಿಯಲು ಸಿಗುತ್ತದೆ. ಇಲ್ಲಿ ಇರುವುದು ದಾರಕ್ಕಿಂತ ಮೆತ್ತಗಿನ ನಳಿಗೆ. ನಾನು ಸಂಜೆ ಹೂ ಕೊಳ್ಳುವ ಅಕ್ಕನ ಬೆರಳನ್ನು ಬಹಳ ದಿನ ನೋಡಿದ್ದೇನೆ. ಎಡಗೈ ಹೆಬ್ಬೆರಳು ತೋರುಬೆರಳ ನಡುವೆ ನಾಲ್ಕು ಹೂ: ಎರಡರ ಮುಖ ಅತ್ತ, ಎರಡರ ಮುಖ ಇತ್ತ, ನಳಿಗೆಗಳು ನಡುವೆ ಒಂದರ ಮೇಲೊಂದು. ಬಲಗೈಯಲ್ಲಿ ನಾರು. ಒಂದು ಸುತ್ತು ಹಾಕಿ, ಬೆರಳ ಮೇಲೆ ಕುಣಿಕೆ ತಿರುವಿ, ಹೂವಿನ ತಲೆಯ ಮೇಲಿಂದ ಇಳಿಸಿ ಎಳೆಯುತ್ತಾಳೆ. ಎಳೆಯುವುದರಲ್ಲೇ ಇದೆ ಎಲ್ಲ. ಒಂದು ಎಳೆ ಹೆಚ್ಚಾದರೆ ನಳಿಗೆ ಕತ್ತರಿಸಿಹೋಗಿ ಹೂ ಉದುರುತ್ತದೆ, ಕಡಿಮೆಯಾದರೆ ಮುಡಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಜಾರುತ್ತದೆ. ‘ನಾರು ಗೊತ್ತಾಗತ್ತೆ ಬೆರಳಿಗೆ’ ಎನ್ನುತ್ತಾಳೆ ಅಕ್ಕ. ಬಾಳೆನಾರು ಚಪ್ಪಟೆ, ನೀರಲ್ಲಿ ನೆನೆಸಿದ್ದು ಮೆತ್ತಗೆ. ನಳಿಗೆಯನ್ನು ಕೊಯ್ಯದೆ ತಬ್ಬಿ ಹಿಡಿಯುತ್ತದೆ. ಹತ್ತಿಯ ದಾರ ದುಂಡಗೆ, ಅದಕ್ಕೆ ಕೊಯ್ಯುವ ಗುಣ. ದಾರ ಬೇಗ ಸಾಗುತ್ತದೆ ಎಂದು ಈಗ ಹೆಚ್ಚಿನವರು ದಾರಕ್ಕೇ ಹೋಗಿದ್ದಾರೆ, ಉಡುಪಿ ಕಡೆ ಇನ್ನೂ ನಾರಿನ ಮರ್ಯಾದೆ ಉಳಿದಿದೆ. ನಾರಿನಲ್ಲಿ ಡೆಲ್ಲಿ ಕನಕಾಂಬರ ಕಟ್ಟಿದ್ದನ್ನು ಕಂಡರೆ ನನಗೆ ಸಂತೋಷವಾಗುವುದಕ್ಕೆ ಇನ್ನೊಂದು ಕಾರಣವಿದೆ. ಬೀಜವಿಲ್ಲದೆ, ಮನುಷ್ಯರು ಕೈಯಿಂದ ಕೈಗೆ ಕೊಟ್ಟಿದ್ದಕ್ಕಷ್ಟೇ ಉಳಿದುಬಂದ ಎರಡು ಗಿಡಗಳು ಆ ಒಂದು ಗಂಟಿನಲ್ಲಿ ಸೇರಿರುತ್ತವೆ.

ಗಂಟಿಗೂ ಗಂಟಿಗೂ ನಡುವೆ ಎಷ್ಟು ಜಾಗ ಬಿಡುತ್ತಾರೆ ಎನ್ನುವುದರಲ್ಲಿ ಕಟ್ಟುವವರ ಮನಸ್ಸು ಗೊತ್ತಾಗುತ್ತದೆ. ಒತ್ತಾಗಿ ಕಟ್ಟಿದ ದಂಡೆಯಲ್ಲಿ ನಾರು ಕಾಣಬಾರದು, ಎಸಳುಗಳು ಒಂದರ ಬೆನ್ನಿಗೊಂದು ಕೂತು ಎರಡು ಪಕ್ಕವೂ ಸಮನಾದ ಪಟ್ಟಿಯಾಗಬೇಕು. ನಡುವೆ ಹಸಿರಿಗೆ ಮರುಗದ ಕುಡಿ, ಬಿಳಿಗೆ ಕಾಕಡ ಸೇರಿದರೆ ಕದಂಬ. ಪರಿಮಳವನ್ನು ಮರುಗ ತರುತ್ತದೆ, ಬಣ್ಣವನ್ನು ಕನಕಾಂಬರ ಹೊರುತ್ತದೆ. ಮಲ್ಲಿಗೆ ಮರುದಿನಕ್ಕೆ ಕಂದಿ ಉದುರಿದ ಮೇಲೂ ದಂಡೆಯಲ್ಲಿ ಕಿತ್ತಳೆ ಹಾಗೇ ಇರುತ್ತದೆ.

ಮೊಗ್ಗಿನ ಜಡೆಯಲ್ಲಿ ಇದರ ಪಾತ್ರ ಇನ್ನೂ ನಾಜೂಕು. ಮಲ್ಲಿಗೆಯ ಮೊಗ್ಗುಗಳನ್ನು ಒಂದೇ ಅಳತೆಗೆ ಆರಿಸಿ ಜಡೆಯುದ್ದಕ್ಕೂ ಸಾಲು ಹೊಲಿಯುವಾಗ, ಸಾಲಿನ ಅಂಚಿಗೆ, ಬಿಲ್ಲೆಯ ಸುತ್ತ, ಕುಚ್ಚಿನ ಮೇಲೆ ಕನಕಾಂಬರದ ಗೆರೆ ಬರುತ್ತದೆ. ಆ ಗೆರೆಯಿಲ್ಲದಿದ್ದರೆ ವಿನ್ಯಾಸ ಕಾಣದೆ ಜಡೆ ಬರೀ ಬಿಳಿಯಾಗಿ ಹರಡಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಅತ್ತೆಯೊಬ್ಬರ ಹಳೆಯ ಫೋಟೋ ಇದೆ. ಹಿಂದೆ ಕನ್ನಡಿಯಿಟ್ಟು ಜಡೆ ಕಾಣುವಂತೆ ಸ್ಟುಡಿಯೋದಲ್ಲಿ ತೆಗೆದದ್ದು, ಕಪ್ಪು ಬಿಳುಪಿನದು. ಕನ್ನಡಿಯೊಳಗಿನ ಜಡೆಯಲ್ಲಿ ಮೊಗ್ಗುಗಳ ನಡುವೆ ಹಾವಿನಂತೆ ಹೊರಳಿ ಹೋಗುವ ಬೂದು ಗೆರೆಯೊಂದಿದೆ. ಚಿಕ್ಕವಳಿದ್ದಾಗ ಅದು ಜರಿಯ ದಾರವೆಂದುಕೊಂಡಿದ್ದೆ. ಹೂ ಕಟ್ಟುವುದು ಕಲಿಯಲು ಕೂತ ಮೇಲೆ ಒಂದು ದಿನ ಹತ್ತಿರದಿಂದ ನೋಡಿದೆ. ಬೂದು ಗೆರೆಯ ಅಂಚಿನಲ್ಲಿ ಸಣ್ಣ ಸಣ್ಣ ಬೀಸಣಿಗೆಗಳು.

ನನ್ನ ಕೈಯಲ್ಲಿ ದಂಡೆ ಇನ್ನೂ ಸಡಿಲವೇ. ಕಳೆದ ಶ್ರಾವಣದಲ್ಲಿ ಹಿತ್ತಿಲ ಗಿಡಗಳೆಲ್ಲ ಒಟ್ಟಿಗೆ ತೆನೆ ಬಿಟ್ಟವು. ಮೂರು ದಿನ ಬೆಳಗ್ಗೆ ಬಿಡಿಸಿದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಸಂಜೆ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಅಕ್ಕನ ಬು‌ಟ್ಟಿಯ ಮುಂದೆ ಹೋಗಿ ನಿಂತೆ. ಡಬ್ಬಿಯ ಮುಚ್ಚಳ ತೆಗೆದು ಒಂದು ಹೂವೆತ್ತಿ ತಿರುಗಿಸಿ ನೋಡಿದಳು.

‘ನಾಟಿ ಅಲ್ವೇನಮ್ಮ ಇದು? ಎಲ್ಲಿ ಸಿಕ್ತು?’

‘ನಮ್ಮ ಹಿತ್ಲಲ್ಲೇ ಅಕ್ಕ. ಸೀಬೆಮರದ ಕೆಳಗೆ.’

‘ನಮ್ಮೂರಲ್ಲಿ ಬೇಲಿ ಸಾಲಲ್ಲಿ ಇರೋದು. ಈಗ ಯಾರು ಹಾಕ್ತಾರೆ.’

ನಾರು ಬಿಡಿಸಿಕೊಂಡು ಕಟ್ಟಲು ಕೂತಳು. ನಾನು ದುಡ್ಡು ತೆಗೆದರೆ ತಲೆಯಾಡಿಸಿದಳು. ಡಬ್ಬಿ ಖಾಲಿಯಾದಾಗ ಮೊಳಕೈಗಿಟ್ಟು ಅಳೆದು, ‘ನಾಲ್ಕು ಬೆರಳು ಕಮ್ಮಿ ಆಯ್ತಲ್ಲಮ್ಮ’ ಎಂದಳು. ಹಾಗೇ ಗಂಟು ಹಾಕಿ ಕೊಡಬಹುದಿತ್ತು. ತನ್ನ ಬುಟ್ಟಿಯಿಂದ ಒಂದು ಹಿಡಿ ಡೆಲ್ಲಿ ಹೂವೆತ್ತಿಕೊಂಡು, ಅದೇ ನಾರಿನಲ್ಲಿ, ಅದೇ ಒತ್ತಿಗೆ ಮೊಳ ತುಂಬಿಸಿದಳು. ಕೊನೆಯ ನಾಲ್ಕು ಬೆರಳು ಬೇರೆ ಬಣ್ಣ.